ನೇಟ್ರಾನ್ ಸರೋವರದ ಸೋಡಾ ಮತ್ತು ಒಂದು ಬಾಗಿದ ಕೊಕ್ಕು

ಟಾಂಜಾನಿಯದ ಉತ್ತರದಲ್ಲಿ, ಕೀನ್ಯಾದ ಗಡಿಗೆ ಅಂಟಿಕೊಂಡಿರುವ ನೇಟ್ರಾನ್ ಸರೋವರದ ನೀರು ಸೋಕಿದರೆ ಸಾಕು, ಹಕ್ಕಿಗಳು ಕಲ್ಲಾಗುತ್ತವೆ ಎಂಬ ಸುದ್ದಿ 2013ರಿಂದ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇದೆ. ಅಹಲ್ಯೆಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ನಂಬುವುದು ಸುಲಭವೇನೋ. ಆದರೆ ನಡೆದದ್ದು ಬೇರೆ. ದಡದಲ್ಲಿ ಸತ್ತು ಒಣಗಿ ಬಿದ್ದಿದ್ದ ಹಕ್ಕಿಗಳನ್ನು ಒಬ್ಬ ಛಾಯಾಗ್ರಾಹಕರು ಕೊಂಬೆಗಳ ಮೇಲೆ ಬದುಕಿರುವಂತೆಯೇ ಕೂರಿಸಿ ಚಿತ್ರ ತೆಗೆದಿದ್ದರು. ಆ ನೀರಿನಲ್ಲಿರುವ ಸೋಡಾ, ಅಂದರೆ ಒಗೆಯುವ ಸೋಡಾದಂಥ ಕ್ಷಾರ, ಮಾಡಿದ್ದಿಷ್ಟೇ: ಹೆಣದ ತೇವವನ್ನು ಹೀರಿ, ಕೊಳೆಯದಂತೆ ಕಾಪಾಡಿತು. ಪ್ರಾಚೀನ ಈಜಿಪ್ಟಿನವರು ಶವಗಳನ್ನು ಮಮ್ಮಿ ಮಾಡುವಾಗ ಸುಮಾರು 40 ದಿನ ಹೂತಿಡುತ್ತಿದ್ದದ್ದು ಇಂಥದೇ ಪುಡಿಯಲ್ಲಿ. ಅದರ ಹೆಸರೇ ನೇಟ್ರಾನ್. ಸೋಡಿಯಂ ಧಾತುವಿಗೆ ರಸಾಯನಶಾಸ್ತ್ರದಲ್ಲಿ 'ಎನ್‌ಎ' ಎಂಬ ಸಂಕೇತ ಬಂದದ್ದೂ ಆ ಪದದ ಮೂಲದಿಂದಲೇ.

ಈ ನೀರು ಸಾಧಾರಣದ್ದೇನಲ್ಲ. ಜ್ವಾಲಾಮುಖಿ ಶಿಲೆಗಳನ್ನು ತೊಳೆದು ಬರುವ ತೊರೆಗಳಿಗೂ ಬಿಸಿನೀರಿನ ಬುಗ್ಗೆಗಳಿಗೂ ಇಲ್ಲಿಂದ ಹೊರಹೋಗುವ ದಾರಿಯಿಲ್ಲ. ಬಿಸಿಲಿಗೆ ನೀರು ಆವಿಯಾಗುತ್ತದೆ, ಇದ್ದಷ್ಟು ಕ್ಯಾಲ್ಸಿಯಂ ಸುಣ್ಣವಾಗಿ ತಳ ಸೇರುತ್ತದೆ, ಸೋಡಾ ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ದಕ್ಷಿಣದಲ್ಲಿರುವ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ ಉಗುಳುವ ಲಾವಾದಲ್ಲೇ ಸೋಡಾ ಇದೆ. ಕಪ್ಪಗೆ ಹರಿದದ್ದು ತೇವ ತಾಗಿದ ಮೇಲೆ ಬೆಳ್ಳಗಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳುಮಣ್ಣಿನ ಕ್ಷಾರಗುಣವನ್ನೇ ಒಂದು ಸರೋವರದಷ್ಟು ಹಿಗ್ಗಿಸಿ ಕಲ್ಪಿಸಿಕೊಳ್ಳಬಹುದು.

ಈ ಕ್ಷಾರದಲ್ಲಿ ಸ್ಪಿರುಲಿನಾ ಎಂದು ನಾವು ಕರೆಯುವ ಸೂಕ್ಷ್ಮಜೀವಿ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿಂದು ಬದುಕುವುದು ಕಿರಿಯ ಫ್ಲೆಮಿಂಗೊ (ಲೆಸ್ಸರ್ ಫ್ಲೆಮಿಂಗೊ) ಎಂಬ ಜಾತಿಯ ಹಕ್ಕಿ. ಅದರ ಗುಲಾಬಿ ಬಣ್ಣವೂ ಆ ಆಹಾರದ ಕೊಡುಗೆ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಳನ್ನು ಹಕ್ಕಿಯೊಂದು ಹೆಕ್ಕುವುದು ಹೇಗೆ? ಉತ್ತರ ಆ ವಿಚಿತ್ರ ಕೊಕ್ಕಿನಲ್ಲಿದೆ. ಕತ್ತರಿಯನ್ನು ತೆರೆದು ನೋಡಿ: ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು. ನೇರ ಕೊಕ್ಕೂ ಹಾಗೆಯೇ ತೆರೆಯುತ್ತದೆ. ಅದರಿಂದ ನೀರು ಸೋಸಲು ಹೋದರೆ ತುದಿಯಲ್ಲಿ ಕಸವೆಲ್ಲ ಒಳನುಗ್ಗುತ್ತದೆ. ಮಧ್ಯದಲ್ಲಿ ಬಾಗಿದ ಕೊಕ್ಕನ್ನು ತುಸುವೇ ತೆರೆದರೆ ಬುಡದಿಂದ ತುದಿಯವರೆಗೆ ಸಂದು ಹೆಚ್ಚುಕಡಿಮೆ ಒಂದೇ ಅಗಲವಾಗಿರುತ್ತದೆ. ಹಕ್ಕಿ ತಲೆ ತಗ್ಗಿಸಿ, ಕೊಕ್ಕನ್ನು ತಲೆಕೆಳಗಾಗಿಸಿ ನೀರಿಗಿಡುತ್ತದೆ. ದಪ್ಪ ನಾಲಿಗೆ ಹೋಳಿಯ ಪಿಚಕಾರಿಯ ದಂಡದಂತೆ ಹಿಂದಕ್ಕೆ ಸರಿದು ನೀರನ್ನು ಎಳೆದುಕೊಳ್ಳುತ್ತದೆ, ಮುಂದಕ್ಕೆ ತಳ್ಳಿ ಹೊರಹಾಕುತ್ತದೆ. ಒಳಗಿನ ಸಾವಿರಾರು ಎಳೆಗಳು ಆಹಾರವನ್ನು ತಡೆದಿಡುತ್ತವೆ. ಇನ್ನೊಂದು ಜಾತಿಯಾದ ಹಿರಿಯ ಫ್ಲೆಮಿಂಗೊದ (ಗ್ರೇಟರ್ ಫ್ಲೆಮಿಂಗೊ) ಎಳೆಗಳು ಮರಳು ಜರಡಿಯಾದರೆ ಕಿರಿಯದರವು ರಾಗಿಹಿಟ್ಟಿನ ವಂದರಿ. ಅದಕ್ಕೇ ಇವೆರಡೂ ಒಂದೇ ನೀರಿನಲ್ಲಿ ನಿಂತರೂ ಊಟಕ್ಕೆ ಜಗಳವಾಡಬೇಕಿಲ್ಲ: ಹಿರಿಯದು ಕೆಸರಿನ ಹುಳು, ಸಿಗಡಿಜಾತಿಯ ಸಣ್ಣ ಜೀವಿಗಳನ್ನು ಹುಡುಕುತ್ತದೆ.

ಜಗತ್ತಿನ ಕಿರಿಯ ಫ್ಲೆಮಿಂಗೊಗಳಲ್ಲಿ ಬಹುಪಾಲು ಹುಟ್ಟುವುದು ಈ 'ಸಾವಿನ ಸರೋವರ'ದಲ್ಲೇ. ಸೋಡಾದ ಹೆಪ್ಪಿನ ನಡುವೆ ಕೆಸರಿನ ಗುಪ್ಪೆ ಕಟ್ಟಿ, ಅದರ ಮೇಲೆ ಒಂದೇ ಮೊಟ್ಟೆಯಿಡುತ್ತವೆ. ನರಿ, ಕತ್ತೆಕಿರುಬಗಳಿಗೆ ಆ ಕೆಸರು ದಾಟಲು ಕಷ್ಟ. ಮನುಷ್ಯರಿಗೂ ಅಷ್ಟೇ. 1950ರ ದಶಕದಲ್ಲಿ ಗೂಡುಗಳತ್ತ ನಡೆದುಹೊರಟ ಪಕ್ಷಿತಜ್ಞ ಲೆಸ್ಲಿ ಬ್ರೌನ್ ಕೆಸರಿನಲ್ಲಿ ಹೂತು, ಕಾಲಿನ ಚರ್ಮ ಬೆಂದು ಆಸ್ಪತ್ರೆ ಸೇರಬೇಕಾಯಿತು. ಹಾಗೆಂದು ಸೋಡಾ ಸದಾ ಮಿತ್ರನೂ ಅಲ್ಲ. 1962ರಲ್ಲಿ ನೇಟ್ರಾನ್‌ನಲ್ಲಿ ನೆರೆ ಬಂದು ಹಕ್ಕಿಗಳು ಕೀನ್ಯಾದ ಮಗಾಡಿ ಸರೋವರದಲ್ಲಿ ಮರಿಮಾಡಿದಾಗ, ಸಾವಿರಾರು ಮರಿಗಳ ಕಾಲಿಗೆ ಸೋಡಾ ಬಳೆಯಂತೆ ಹೆಪ್ಪುಗಟ್ಟಿತು. ಜನ ಅವನ್ನು ಒಡೆದು ಬಿಡಿಸಬೇಕಾಯಿತು.

ಈಗ ಹಕ್ಕಿ ನೋಡಲು ಹೊರಡುವವರಿಗೊಂದು ಮಾತು. ಪ್ರವಾಸದ ಚಿತ್ರಗಳಲ್ಲಿ ದಡವೆಲ್ಲ ಗುಲಾಬಿಯಾಗಿ ಕಾಣುವ ಕೀನ್ಯಾದ ನಕೂರು ಸರೋವರದಲ್ಲಿ ಇಂದು ಆ ದೃಶ್ಯ ಸಿಗುವ ಖಾತರಿಯಿಲ್ಲ. ಸುಮಾರು 2010ರಿಂದೀಚೆಗೆ ಅಲ್ಲಿ ನೀರು ಏರುತ್ತ ಹೋಗಿ, ಸುತ್ತಲಿನ ರಾಷ್ಟ್ರೀಯ ಉದ್ಯಾನದ ಹಳೆಯ ಮುಖ್ಯದ್ವಾರವೇ ಮುಳುಗಿತು. ನೀರಿನ ಕ್ಷಾರ ತೆಳುವಾದಂತೆ ಸ್ಪಿರುಲಿನಾ ಕಡಿಮೆಯಾಯಿತು, ಫ್ಲೆಮಿಂಗೊಗಳು ಬೇರೆಡೆಗೆ ಹಾರಿದವು. ನಕೂರುವಿನಲ್ಲಿ ಘೇಂಡಾಮೃಗವನ್ನೂ ಪೆಲಿಕನ್‌ಗಳನ್ನೂ ನೋಡಿಕೊಂಡು, ಉತ್ತರಕ್ಕೆ ಬಿಸಿನೀರು ಚಿಮ್ಮುವ ಬೊಗೋರಿಯಾ ಸರೋವರಕ್ಕೆ ಹೋಗುವುದು ಮೇಲು. ಫ್ಲೆಮಿಂಗೊಗಳು ಅಲ್ಲಿ ಸಿಗುವ ಸಂಭವ ಹೆಚ್ಚು, ಅವುಗಳ ಮೇಲೆರಗುವ ಆಫ್ರಿಕದ ಮೀನುಹದ್ದೂ ಕಾಣಬಹುದು.