ರಾಯಲ್ ಚಾರ್ಟರ್, 1859: ದಡದ ಪಕ್ಕದಲ್ಲೇ ಒಡೆದ ಹಡಗು

ಬಿರುಗಾಳಿ ಬಂದಾಗ ಹಡಗು ದಡದ ಹತ್ತಿರ ಇದ್ದರೆ ಒಳ್ಳೇದೇ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಈ ಹಡಗಿನ ವಿಷಯ ಓದಿದ ಮೇಲೆ ಲೆಕ್ಕ ತಲೆಕೆಳಗಾಯಿತು.

ರಾಯಲ್ ಚಾರ್ಟರ್ ಕಬ್ಬಿಣದ ಮೈಯ ಹಾಯಿಹಡಗು. ಗಾಳಿ ಬಿದ್ದುಹೋದಾಗ ಬೇಕಾದೀತು ಅಂತ 200 ಅಶ್ವಶಕ್ತಿಯ ಉಗಿ ಎಂಜಿನ್ನೂ ಇತ್ತು. ಮೆಲ್ಬರ್ನ್‌ನಿಂದ ಲಿವರ್‌ಪೂಲ್‌ಗೆ ಹೊರಟಿತ್ತು. ಆಸ್ಟ್ರೇಲಿಯಾದಲ್ಲಿ ಚಿನ್ನ ಅಗೆದು ಊರಿಗೆ ಮರಳುತ್ತಿದ್ದವರು ಅದರಲ್ಲಿ ಬಹಳ ಮಂದಿ. ಎಲ್ಲರೂ ಆ ಚಿನ್ನದ ಕಥೆಯನ್ನೇ ಹೇಳುತ್ತಾರೆ. ನಮಗೆ ಬೇಕಾದದ್ದು ಗಾಳಿ.

ಅಕ್ಟೋಬರ್ 25ರ ರಾತ್ರಿ ಹಡಗು ವೇಲ್ಸ್‌ನ ಆಂಗಲ್ಸೀ ದ್ವೀಪದ ಹತ್ತಿರವಿತ್ತು. ಲಿವರ್‌ಪೂಲ್ ಒಂದು ದಿನದ ದಾರಿಯೂ ಅಲ್ಲ. ಗಾಳಿ ಮೊದಲು ಪೂರ್ವದಿಂದ ಬೀಸಿತು, ಆಮೇಲೆ ಈಶಾನ್ಯಕ್ಕೆ ತಿರುಗಿತು. ಅಂದರೆ ಹಡಗನ್ನು ದ್ವೀಪದ ಕಡೆಗೇ ನೂಕುವ ಗಾಳಿ. ಹಾಯಿಹಡಗು ಗಾಳಿಗೆ ನೇರ ಎದುರು ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ಗಾಳಿ ಅತಿಯಾದರೆ ಹಾಯಿ ಪೂರ್ತಿ ಬಿಡುವಂತಿಲ್ಲ, ಆಗ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಜಾಸ್ತಿ. ನಡುಗಡಲಲ್ಲಿ ಜಾರಿದರೆ ಜಾರಲಿ, ಜಾಗ ಬೇಕಾದಷ್ಟಿದೆ. ಇಲ್ಲಿ ಪಕ್ಕದಲ್ಲೇ ಬಂಡೆ. ಎಂಜಿನ್‌ಗೂ ಅಷ್ಟು ತಾಕತ್ತಿರಲಿಲ್ಲ.

ಉಳಿದದ್ದು ಲಂಗರು. ರಾತ್ರಿ 11ಕ್ಕೆ ಬಿಟ್ಟರು. ಒಂದೂವರೆಗೆ ಒಂದರ ಸರಪಳಿ ಕಡಿಯಿತು, ಸುಮಾರು ಒಂದು ಗಂಟೆಯ ನಂತರ ಇನ್ನೊಂದರದ್ದು. ಗಾಳಿಯ ಹೊಡೆತ ತಗ್ಗಲಿ ಅಂತ ಹಾಯಿಕಂಬಗಳನ್ನೇ ಕಡಿದು ಕೆಡವಿದರು. ಹಡಗು ಮೊದಲು ಮರಳಿನ ಮೇಲೆ ಕೂತಿತು. ಬಚಾವಾದರು ಅನ್ನಬೇಕು, ಅಷ್ಟರಲ್ಲಿ ಉಬ್ಬರ ಏರಿತು. ನೀರು ಅದನ್ನು ಎತ್ತಿ ಮೊಯೆಲ್ಫ್ರೆ ಹಳ್ಳಿಯ ಬಳಿ ಬಂಡೆಗೆ ಬಡಿಯಿತು.

ಮಾಲ್ಟಾದ ನಾವಿಕ ಜೋಸೆಫ್ ರಾಜರ್ಸ್ ಹಗ್ಗದ ಸಮೇತ ಈಜಿ ದಡ ಸೇರಿದ. ಆ ಹಗ್ಗದಿಂದ ಕೆಲವರು ಉಳಿದರು. ಬದುಕಿದ್ದು ಸುಮಾರು 40 ಜನ, ಎಲ್ಲರೂ ಗಂಡಸರು. ಸತ್ತವರು ಸುಮಾರು 450. ಅವರಲ್ಲಿ ಅನೇಕರು ಸತ್ತದ್ದು ಮುಳುಗಿ ಅಲ್ಲ, ಅಲೆಗಳು ಅವರನ್ನು ಬಂಡೆಗೆ ಅಪ್ಪಳಿಸಿ.

ಇದಾದ ಮೇಲೆ ರಾಬರ್ಟ್ ಫಿಟ್ಜ್‌ರಾಯ್ (ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಕ್ಯಾಪ್ಟನ್, ಅವರೇ) 1861ರಲ್ಲಿ ಬಂದರುಗಳಿಗೆ ಟೆಲಿಗ್ರಾಫ್ ಮೂಲಕ ಬಿರುಗಾಳಿಯ ಸೂಚನೆ ಕಳಿಸಲು ಶುರುಮಾಡಿದರು. ಸೂಚನೆ ಬಂದ ಕೂಡಲೇ ಬಂದರಿನ ಕಂಬಕ್ಕೆ ಕ್ಯಾನ್ವಾಸಿನ ಶಂಕು ಏರಿಸುತ್ತಿದ್ದರು. ತುದಿ ಮೇಲಿದ್ದರೆ ಬಿರುಗಾಳಿ ಉತ್ತರದಿಂದ, ಕೆಳಗಿದ್ದರೆ ದಕ್ಷಿಣದಿಂದ. ಮಂಗಳೂರು ಬಂದರಿನಲ್ಲಿ 3ನೇ ನಂಬರ್ ಸಿಗ್ನಲ್ ಹಾಕಿದ್ದಾರೆ ಅಂತ ಪೇಪರಲ್ಲಿ ಓದುತ್ತೇವಲ್ಲ, ಅದೂ ಇದೇ ಜಾತಿಯದು.