ಊಟದ ಹಾಲ್‌ಗೆ ಬಂದ ದೋಣಿ: ಶಿಕಾಗೊದ ಮ್ಯಾನ್ಲಿ ಹೈಸ್ಕೂಲ್ ತಂಡದ ಹಿಂದಿನ ಕಥೆ

ಶಿಕಾಗೊ ನಗರದ ಪಶ್ಚಿಮ ಭಾಗದಲ್ಲಿ ಮ್ಯಾನ್ಲಿ ಅಂತ ಒಂದು ಸರ್ಕಾರಿ ಹೈಸ್ಕೂಲ್ ಇದೆ. 1997ರಲ್ಲಿ ಅದರ ಊಟದ ಹಾಲ್‌ನಲ್ಲಿ ಒಂದು ಬಿಳಿ ದೋಣಿ ತಂದು ಇಟ್ಟರು. ಉದ್ದಾನುದ್ದ, ತೆಳ್ಳನೆಯ ದೋಣಿ. ಪಕ್ಕದಲ್ಲಿ ಒಂದು ಟಿ.ವಿ. ಇತ್ತು. ಅದರಲ್ಲಿ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಸ್ಪರ್ಧೆ ಓಡುತ್ತಿತ್ತು. ಪರದೆಯ ಮೇಲೆ ಹುಟ್ಟು ಹಾಕುತ್ತಿದ್ದವರೆಲ್ಲ ಬಿಳಿಯರು. ತಟ್ಟೆ ಹಿಡಿದು ನೋಡುತ್ತಿದ್ದ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಕಪ್ಪು ವರ್ಣದವರು. ತಂಡ ಸೇರುವ ಬಗ್ಗೆ ಮೀಟಿಂಗ್ ಇದೆ, ಬಂದವರಿಗೆ ಪಿಜ್ಜಾ ಪುಕ್ಕಟೆ ಅಂತ ಹೇಳಿದರು.

ಪಿಜ್ಜಾ ಆಸೆಗೆ ಹೋದವರಲ್ಲಿ ಆರ್ಶೇ ಕೂಪರ್ ಎಂಬ ಹುಡುಗನೂ ಒಬ್ಬ. ಮುಂದೆ ತಂಡದ ನಾಯಕನಾದ, ದೊಡ್ಡವನಾದ ಮೇಲೆ ಆ ದಿನಗಳ ಬಗ್ಗೆ ಪುಸ್ತಕವನ್ನೂ ಬರೆದ. ಅಮೆರಿಕದಲ್ಲಿ ಪೂರ್ತಿ ಕಪ್ಪು ವರ್ಣದ ಮಕ್ಕಳೇ ಇದ್ದ ಮೊದಲ ಹೈಸ್ಕೂಲ್ ರೋಯಿಂಗ್ ತಂಡ ಎಂದು ಇವತ್ತು ಗುರುತಿಸುವುದು ಇದನ್ನೇ.

ಈ ಕಥೆ ಕೇಳಿದಾಗ ನನ್ನ ಮನಸ್ಸಲ್ಲಿ ನಿಂತಿದ್ದು ಒಂದೇ ಪ್ರಶ್ನೆ. ಶಿಕಾಗೊ ಇರುವುದೇ ಸಮುದ್ರದಷ್ಟು ದೊಡ್ಡ ಮಿಶಿಗನ್ ಸರೋವರದ ದಡದಲ್ಲಿ. ಊರಿನ ನಡುವೆ ನದಿ ಹರಿಯುತ್ತದೆ. ಅಂಥ ಊರಿನ ಮಕ್ಕಳಿಗೆ ದೋಣಿ ಅಷ್ಟೊಂದು ಪರಕೀಯ ಆಗಿದ್ದು ಹೇಗೆ? ಉತ್ತರ ಹುಡುಕಿದರೆ 1997ರಿಂದ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

1919ರ ಜುಲೈ 27, ಭಾನುವಾರ. ಶಿಕಾಗೊದಲ್ಲಿ ಸುಡುವ ಸೆಕೆ. 17 ವರ್ಷದ ಕಪ್ಪು ಹುಡುಗ ಯೂಜೀನ್ ವಿಲಿಯಮ್ಸ್ ಗೆಳೆಯರ ಜೊತೆ ಸರೋವರಕ್ಕೆ ಇಳಿದಿದ್ದ. ಹುಡುಗರು ತಾವೇ ಸೇರಿ ಮರದ ತೆಪ್ಪವೊಂದನ್ನು ಕಟ್ಟಿಕೊಂಡಿದ್ದರು. ಅದನ್ನು ಹಿಡಿದುಕೊಂಡು ತೇಲುತ್ತಾ ಆಡುತ್ತಿದ್ದರು. ಆ ದಡದಲ್ಲಿ ಕಪ್ಪು ಜನ ಇಳಿಯುವ ಜಾಗ ಬೇರೆ, ಬಿಳಿಯರು ಇಳಿಯುವ ಜಾಗ ಬೇರೆ. ಕಾನೂನಿನಲ್ಲಿ ಹಾಗೆ ಇರಲಿಲ್ಲ, ಆದರೆ ರೂಢಿಯಲ್ಲಿ ಇತ್ತು. ನೀರಿನ ಮೇಲೆ ಗೆರೆ ಎಲ್ಲಿ ಕಾಣುತ್ತದೆ ಹೇಳಿ? ತೆಪ್ಪ ತೇಲುತ್ತಾ ತೇಲುತ್ತಾ 29ನೇ ಬೀದಿಯ ಕಡೆಯ ಬಿಳಿಯರ ಜಾಗಕ್ಕೆ ಹೋಯಿತು. ದಡದಿಂದ ಒಬ್ಬ ಬಿಳಿಯ ಕಲ್ಲು ಬೀರತೊಡಗಿದ. ಯೂಜೀನ್ ನೀರಲ್ಲಿ ಮುಳುಗಿ ಸತ್ತ. ಕಲ್ಲು ಬೀರಿದವನನ್ನು ಜನ ಬೆರಳು ಮಾಡಿ ತೋರಿಸಿದರೂ ಅಲ್ಲಿದ್ದ ಬಿಳಿಯ ಪೊಲೀಸ್ ಅವನನ್ನು ಹಿಡಿಯಲಿಲ್ಲ. ಆಮೇಲೆ ಊರು ಹೊತ್ತಿ ಉರಿಯಿತು. ಸತ್ತವರು 38 ಜನ: 23 ಕಪ್ಪು ಜನ, 15 ಬಿಳಿಯರು. ಗಾಯಗೊಂಡವರು 500ಕ್ಕೂ ಜಾಸ್ತಿ.

ಅಂಥದ್ದೊಂದು ನಡೆದ ಮೇಲೆ ಯಾವ ತಾಯಿ ತನ್ನ ಮಗನನ್ನು ನೀರಿಗೆ ಬಿಡುತ್ತಾಳೆ? ಭಯ ಮನೆಯಿಂದ ಮನೆಗೆ, ತಾಯಿಯಿಂದ ಮಗಳಿಗೆ ಇಳಿದು ಬರುತ್ತದೆ. ಈಜು ಬಾರದ ಅಪ್ಪ ಅಮ್ಮ ಮಕ್ಕಳಿಗೆ ಈಜು ಕಲಿಸುವುದಿಲ್ಲ, ನೀರಿನ ಹತ್ತಿರ ಹೋಗಬೇಡ ಅಂತ ಹೇಳಿ ಕಳಿಸುತ್ತಾರೆ. ಕಲಿಯಲು ಜಾಗವೂ ಸಿಗುತ್ತಿರಲಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಕಪ್ಪು ಮಕ್ಕಳ ಜೊತೆ ಹಂಚಿಕೊಳ್ಳುವ ಬದಲು ಈಜುಕೊಳವನ್ನೇ ಮುಚ್ಚಿಬಿಟ್ಟರು. 1964ರಲ್ಲಿ ಫ್ಲಾರಿಡಾದ ಸೇಂಟ್ ಅಗಸ್ಟೀನ್‌ನಲ್ಲಿ ಪ್ರತಿಭಟನೆಗೆಂದು ಜನ ಮೋಟೆಲ್ ಒಂದರ ಕೊಳಕ್ಕೆ ಇಳಿದಿದ್ದಾಗ ಅದರ ಮ್ಯಾನೇಜರ್ ಆ ನೀರಿಗೆ ಆ್ಯಸಿಡ್ ಸುರಿದ. ಅದರ ಫೋಟೊ ಪ್ರಪಂಚವೆಲ್ಲ ನೋಡಿತು.

ಮ್ಯಾನ್ಲಿ ಶಾಲೆಯ ಹತ್ತಿರಕ್ಕೇ ಬರೋಣ. 1966ರ ಜನವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಪಶ್ಚಿಮ ಶಿಕಾಗೊದ ನಾರ್ತ್ ಲಾನ್‌ಡೇಲ್‌ನಲ್ಲಿ ಬಾಡಿಗೆ ಮನೆ ಹಿಡಿದರು. ಕಪ್ಪು ಜನರ ಮನೆಗಳ ಸ್ಥಿತಿ ದೇಶಕ್ಕೆ ಕಾಣಲಿ ಅನ್ನುವುದು ಉದ್ದೇಶ. ಅದೇ ವರ್ಷ ಜುಲೈನಲ್ಲಿ ಮತ್ತೆ ವಿಪರೀತ ಸೆಕೆ. ಹತ್ತಿರದ ಈಜುಕೊಳಗಳಲ್ಲಿ ತಮ್ಮನ್ನು ಬಿಟ್ಟುಕೊಳ್ಳದಿದ್ದಾಗ ಮಕ್ಕಳು ಏನು ಮಾಡಬೇಕು? ಬೀದಿಯಲ್ಲಿ ಬೆಂಕಿ ಆರಿಸಲು ಇಟ್ಟ ನೀರಿನ ಕೊಳಾಯಿ ತಿರುಗಿಸಿ ಅದರಡಿ ಕುಣಿದರು. ಪೊಲೀಸರು ಬಂದು ಕೊಳಾಯಿ ಬಂದ್ ಮಾಡಿದರು. ಅಲ್ಲಿಂದ ಶುರುವಾದ ಗಲಭೆ ಕೆಲವು ದಿನ ನಡೆಯಿತು. ಕೊನೆಗೆ ಮೇಯರ್ ಡೇಲಿ ಕೊಳಾಯಿಗಳಿಗೆ ಸ್ಪ್ರಿಂಕ್ಲರ್ ಹಾಕಿಸಿದರು, ಎತ್ತಿಕೊಂಡು ಹೋಗಬಹುದಾದ ಸಣ್ಣ ಈಜುಕೊಳಗಳನ್ನು ತರಿಸಿದರು. ಮಕ್ಕಳ ಮೈಗೆ ಒಂದಿಷ್ಟು ತಣ್ಣೀರು ಬೀಳಲು ಇಷ್ಟೆಲ್ಲ ಆಗಬೇಕಾಯಿತು. ಎರಡು ವರ್ಷದ ಮೇಲೆ ಕಿಂಗ್ ಕೊಲೆಯಾದಾಗ ಇದೇ ಪಶ್ಚಿಮ ಭಾಗದ ಅಂಗಡಿ ಬೀದಿಗಳು ಸುಟ್ಟು ಹೋದವು. ಕಾರ್ಖಾನೆಗಳು ಒಂದೊಂದಾಗಿ ಹೋದವು. ಕೆಲಸ ಹೋಯಿತು, ಜನ ಹೋದರು. ಉಳಿದವರ ನಡುವೆ ಮಾದಕವಸ್ತು ಮತ್ತು ಗ್ಯಾಂಗ್ ಬಂದವು.

ಈ ಹಳೇ ಗೆರೆ ಇವತ್ತಿಗೂ ಅಳಿಸಿಲ್ಲ. ಯು.ಎಸ್.ಎ. ಸ್ವಿಮ್ಮಿಂಗ್ ಸಂಸ್ಥೆ 2017ರಲ್ಲಿ ಮಾಡಿಸಿದ ಅಧ್ಯಯನದ ಪ್ರಕಾರ ಆಫ್ರಿಕನ್ ಅಮೆರಿಕನ್ ಮಕ್ಕಳಲ್ಲಿ 64 ಶೇಕಡ ಮಂದಿಗೆ ಈಜು ಬರುವುದೇ ಇಲ್ಲ, ಬಂದರೂ ಅಷ್ಟಕ್ಕಷ್ಟೇ.

ಇದು ನೀರಿನ ಕಥೆ. ದೋಣಿಯ ಕಥೆ ಬೇರೆ, ಅದರ ಬಾಗಿಲು ಇನ್ನೂ ಕಿರಿದು.

ಅಮೆರಿಕದಲ್ಲಿ ಶಾಲಾ ರೋಯಿಂಗ್ ಬೆಳೆದಿದ್ದು ಶ್ರೀಮಂತರ ವಸತಿ ಶಾಲೆಗಳಲ್ಲಿ. ನ್ಯೂ ಹ್ಯಾಂಪ್‌ಶೈರ್‌ನ ಸೇಂಟ್ ಪಾಲ್ಸ್ ಶಾಲೆಯ ಹ್ಯಾಲ್ಸಿಯನ್ ಮತ್ತು ಶ್ಯಾಟಕ್ ಎಂಬ ಎರಡು ದೋಣಿ ಕ್ಲಬ್‌ಗಳು 1871ರಷ್ಟು ಹಳೆಯವು. ಕನೆಕ್ಟಿಕಟ್‌ನ ಕೆಂಟ್ ಶಾಲೆ 1927ರಲ್ಲೇ ಇಂಗ್ಲೆಂಡಿನ ಹೆನ್ಲಿ ಸ್ಪರ್ಧೆಗೆ ತಂಡ ಕಳಿಸಿತು, 1933ರಲ್ಲಿ ಅಲ್ಲಿ ಥೇಮ್ಸ್ ಕಪ್ ಗೆದ್ದಿತು. ಹೆನ್ಲಿ ಅಂದರೆ ರೋಯಿಂಗ್‌ನವರ ಪಾಲಿಗೆ ಟೆನಿಸ್‌ನವರ ವಿಂಬಲ್ಡನ್ ಇದ್ದ ಹಾಗೆ. ಆ ಹೆನ್ಲಿಯಲ್ಲಿ 19ನೇ ಶತಮಾನದ ಕೊನೆಯಿಂದ ಒಂದು ನಿಯಮ ಇತ್ತು: ಮೈ ಬಗ್ಗಿಸಿ ಕೆಲಸ ಮಾಡುವ ಕೂಲಿ, ಕುಶಲಕರ್ಮಿ, ಮೆಕ್ಯಾನಿಕ್ ಯಾರೂ ಹವ್ಯಾಸಿ ಆಟಗಾರ ಅನ್ನಿಸಿಕೊಳ್ಳುವಂತಿಲ್ಲ. 1920ರಲ್ಲಿ ಫಿಲಡೆಲ್ಫಿಯಾದ ಜಾನ್ ಕೆಲ್ಲಿ ಕೊಟ್ಟ ಅರ್ಜಿಯನ್ನು ಅಲ್ಲಿ ತಿರಸ್ಕರಿಸಿದರು. ಆತ ಇಟ್ಟಿಗೆ ಕಟ್ಟುವ ಗಾರೆ ಕೆಲಸದಿಂದ ಮೇಲೆ ಬಂದವ. ಅದೇ ವರ್ಷ ಆ್ಯಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ ಒಂದೇ ದಿನ ಎರಡು ಚಿನ್ನ ಗೆದ್ದ. ಕೈಕೆಲಸದವರನ್ನು ಹೊರಗಿಟ್ಟ ನಿಯಮವನ್ನು ಹೆನ್ಲಿ ತೆಗೆದದ್ದು 1937ರಲ್ಲಿ. ಬಿಳಿಯ ಕೆಲ್ಲಿಗೇ ಹೀಗೆ. ಕಪ್ಪು ಹುಡುಗನಿಗೆ ಅಲ್ಲಿಯವರೆಗೆ ಹೋಗುವ ದಾರಿಯೇ ಇರಲಿಲ್ಲ, ಯಾಕೆಂದರೆ ದೋಣಿ ಇದ್ದ ಶಾಲೆಯೊಳಕ್ಕೇ ಅವನಿಗೆ ಪ್ರವೇಶ ಇರಲಿಲ್ಲ.

ಎಂಟು ಜನ ಹುಟ್ಟು ಹಾಕುವ ದೋಣಿಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಅರ್ಥವಾಗುತ್ತದೆ. ಉದ್ದ ಸುಮಾರು 60 ಅಡಿ. ಅಗಲ ಮಾತ್ರ ಒಬ್ಬ ಮನುಷ್ಯ ಕೂರುವಷ್ಟು. ಎಂಟು ಹುಟ್ಟು, ಒಬ್ಬೊಬ್ಬರಿಗೆ ಒಂದೊಂದು. ಒಂದೊಂದೂ ಹನ್ನೆರಡು ಅಡಿ ಆಸುಪಾಸು. ಇದಕ್ಕೆ ದೋಣಿಮನೆ ಬೇಕು, ಕೋಚ್ ಕೂರಲು ಮೋಟಾರ್ ಬೋಟ್ ಬೇಕು, ಊರೂರಿಗೆ ಸಾಗಿಸಲು ಟ್ರೇಲರ್ ಬೇಕು. ಹೊಸ ದೋಣಿಗೆ ಹತ್ತಾರು ಸಾವಿರ ಡಾಲರ್. ಬ್ಯಾಸ್ಕೆಟ್‌ಬಾಲ್‌ಗೆ ಒಂದು ಚೆಂಡು, ಗೋಡೆಗೊಂದು ರಿಂಗ್ ಸಾಕು, ಅಲ್ವಾ? ಬಡ ಬೀದಿಯಲ್ಲಿ ಯಾವ ಆಟ ಬೆಳೆಯುತ್ತದೆ ಅನ್ನುವುದನ್ನು ಮಕ್ಕಳ ಇಷ್ಟಕ್ಕಿಂತ ಮೊದಲು ಅದರ ಖರ್ಚೇ ನಿರ್ಧಾರ ಮಾಡಿಬಿಟ್ಟಿರುತ್ತದೆ.

ಹಾಗಂತ ಯಾರೂ ಒಳಗೆ ಬರಲೇ ಇಲ್ಲ ಅಂತಲ್ಲ. ಕಪ್ಪು ವರ್ಣದ ಅನಿತಾ ಡಿಫ್ರಾಂಟ್ಸ್ 1970ರ ದಶಕದ ಆರಂಭದಲ್ಲಿ ಕನೆಕ್ಟಿಕಟ್ ಕಾಲೇಜಿನ ಆವರಣದಲ್ಲಿ ನಡೆದು ಹೋಗುವಾಗ ಉದ್ದನೆಯ ದೋಣಿಯೊಂದನ್ನು ನೋಡಿ ಇದೇನು ಅಂತ ನಿಂತರು. ಪಕ್ಕದಲ್ಲಿದ್ದ ಕೋಚ್ ನೀನು ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದೀಯ ಅಂದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಎಂಟರ ದೋಣಿಯಲ್ಲಿ ಅವರಿಗೆ ಕಂಚು ಬಂತು. 1997ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಮಹಿಳಾ ಉಪಾಧ್ಯಕ್ಷರಾದರು. ಮ್ಯಾನ್ಲಿಗೆ ದೋಣಿ ಬಂದ ವರ್ಷವೂ ಅದೇ. ಕಾಲೇಜಿನ ಅಂಗಳದಲ್ಲಿ ಒಂದು ದೋಣಿ, ಊಟದ ಹಾಲ್‌ನಲ್ಲಿ ಇನ್ನೊಂದು. ಎರಡು ಕಡೆಯೂ ಮೊದಲು ಆಗಬೇಕಾಗಿದ್ದು ಅದು ಕಣ್ಣಿಗೆ ಬೀಳುವುದು, ಅಷ್ಟೇ.

ಮ್ಯಾನ್ಲಿಯಲ್ಲಿ ಅದನ್ನು ಕಣ್ಣಿಗೆ ಬೀಳಿಸಿದವರು ಕೆನ್ ಅಲ್‌ಪಾರ್ಟ್. ಶಿಕಾಗೊದ ಹಣಕಾಸು ಮಾರುಕಟ್ಟೆಯಲ್ಲಿ ಟ್ರೇಡರ್ ಆಗಿದ್ದವರು, ಬಿಳಿಯರು, ರೋಯಿಂಗ್ ಪ್ರೇಮಿ. ಬರೀ ಹುಟ್ಟು ಹಾಕಿಸಿದ್ದಲ್ಲ, ಸಣ್ಣ ವ್ಯಾಪಾರ ಹೇಗೆ ಶುರು ಮಾಡುವುದು ಅನ್ನುವುದನ್ನೂ ಮಕ್ಕಳಿಗೆ ಜೊತೆಯಲ್ಲೇ ಕಲಿಸಿದರು. ನನಗೆ ಇದು ಬಹಳ ಇಷ್ಟವಾದ ಸಂಗತಿ. ದೋಣಿ ಎಂದಾದರೂ ಕೈ ಬಿಡಬಹುದು, ಲೆಕ್ಕ ಬರೆಯಲು ಕಲಿತದ್ದು ಜೊತೆಗೇ ಉಳಿಯುತ್ತದೆ.

ಹುಡುಗರಲ್ಲಿ ಎಷ್ಟೋ ಜನಕ್ಕೆ ಈಜು ಬರುತ್ತಿರಲಿಲ್ಲ. ಹಾಗಾಗಿ ಮೊದಲು ಈಜು ಕಲಿಯಬೇಕಾಯಿತು. 1919ರಲ್ಲಿ, 1966ರಲ್ಲಿ ಮುಚ್ಚಿದ ಬಾಗಿಲನ್ನು ಈ ಮಕ್ಕಳು ಇಲ್ಲಿ ತಮ್ಮ ಮೈಯಿಂದಲೇ ತಳ್ಳಬೇಕಿತ್ತು. ನೀರಲ್ಲಿ ಮುಖ ಮುಳುಗಿಸುವುದೇ ಮೊದಲ ಪಾಠ. ಆಮೇಲೆ ಒಳಾಂಗಣದ ರೋಯಿಂಗ್ ಯಂತ್ರ. ಅದರ ಮೇಲೆ ಬೆವರು ಸುರಿಸಿದ ಮೇಲೆ ನಿಜವಾದ ದೋಣಿ.

ಆ ದೋಣಿ ನಮ್ಮ ಹರಿಗೋಲಿನ ಹಾಗಲ್ಲ. ಹರಿಗೋಲು ನಡೆಸುವವನು ಹೋಗಬೇಕಾದ ದಡ ನೋಡುತ್ತಾ ಹುಟ್ಟು ಹಾಕುತ್ತಾನೆ. ಇಲ್ಲಿ ಹುಟ್ಟು ಹಾಕುವವರೆಲ್ಲ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಮುಂದಿನ ದಾರಿ ಕಾಣುವುದು ಕಾಕ್ಸ್‌ಗೆ ಮಾತ್ರ. ಕಾಕ್ಸ್ ಹುಟ್ಟು ಮುಟ್ಟುವುದಿಲ್ಲ, ಚುಕ್ಕಾಣಿ ಹಿಡಿದು ಕೂಗಿ ಕೂಗಿ ದಾರಿ ಹೇಳುತ್ತಾನೆ. ಉಳಿದವರು ಅವನ ಮಾತು ನಂಬಬೇಕು. ಕೂರುವ ಪಟ್ಟಿಗೆ ಗಾಲಿ ಇರುತ್ತದೆ. ಕಾಲು ಒತ್ತಿದರೆ ಹಿಂದಕ್ಕೆ ಸರಿಯುತ್ತದೆ, ಮಂಡಿ ಮಡಚಿದರೆ ಮುಂದಕ್ಕೆ ಬರುತ್ತದೆ. ಎಂಟು ಜನರೂ ಒಟ್ಟಿಗೆ ಸರಿಯಬೇಕು. ಒಬ್ಬ ಅರೆಕ್ಷಣ ತಡ ಮಾಡಿದರೆ ದೋಣಿ ಒಂದು ಕಡೆಗೆ ವಾಲುತ್ತದೆ. ಹುಟ್ಟಿನ ಅಲಗು ನೀರಲ್ಲಿ ಅಡ್ಡ ಸಿಕ್ಕಿಕೊಂಡರೆ ಹಿಡಿ ಬಂದು ಎದೆಗೆ ಗುದ್ದುತ್ತದೆ. ಸಿಟ್ಟಿನಲ್ಲಿ ಬಲವಾಗಿ ಎಳೆದವನಿಂದ ದೋಣಿ ಜೋರಾಗಿ ಹೋಗುವುದಿಲ್ಲ. ಜೊತೆಯವರ ಲಯಕ್ಕೆ ಸೇರಿ ಎಳೆದಾಗಲೇ ಓಡುತ್ತದೆ.

ಮ್ಯಾನ್ಲಿಯ ಹುಡುಗರಿಗೆ ಇದು ಸಣ್ಣ ಮಾತಲ್ಲ. ಅವರು ಬೇರೆ ಬೇರೆ ಬೀದಿಯವರು. ಬೀದಿ ಬದಲಾದರೆ ಗ್ಯಾಂಗ್ ಬದಲಾಗುತ್ತದೆ, ತಪ್ಪು ಬೀದಿಗೆ ಕಾಲಿಟ್ಟರೆ ಜೀವಕ್ಕೇ ಅಪಾಯ. ಹೊರಗೆ ಪರಸ್ಪರ ಮುಖ ತಿರುಗಿಸಿ ಹೋಗಬೇಕಾದವರು ಇಲ್ಲಿ ಒಬ್ಬರ ಹಿಂದೆ ಒಬ್ಬರು ಕೂತು ಒಂದೇ ಉಸಿರಲ್ಲಿ ಎಳೆಯಬೇಕಿತ್ತು. ಕೂಪರ್‌ನ ತಾಯಿ ಮಾದಕವಸ್ತುವಿನ ಚಟಕ್ಕೆ ಸಿಕ್ಕಿ ಆಮೇಲೆ ಅದರಿಂದ ಹೊರಬಂದವರು. ಮಗ ಆ ಎರಡನ್ನೂ ಕಂಡವನು. ನೀರಿನ ಮೇಲೆ ಸಿಕ್ಕ ನೆಮ್ಮದಿ ದಡದ ಮೇಲೆ ಎಲ್ಲೂ ಸಿಕ್ಕಿರಲಿಲ್ಲ ಎಂದು ಆತ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ.

ಈ ತಂಡದ ಹೆಸರು ಉಳಿದಿದ್ದು ಪದಕಗಳಿಂದ ಅಲ್ಲ. ಸ್ಪರ್ಧೆಗೆ ಹೋದಾಗ ಎದುರಿನ ತಂಡಗಳ ಮಕ್ಕಳು ವರ್ಷಗಟ್ಟಲೆ ಪಳಗಿದವರು, ಇವರು ಹೊಸಬರು. ದಡದ ತುಂಬಾ ಬಿಳಿ ಮುಖಗಳು. ಶಾಲೆ ಮುಗಿಸಿದ ಮೇಲೆ ಹುಡುಗರು ತಮ್ಮ ತಮ್ಮ ದಾರಿ ಹಿಡಿದರು. ಕೂಪರ್ ಅಡುಗೆ ಕಲಿತು ಶೆಫ್ ಆದ. ತಂಡ ನಿಂತು ಹೋಯಿತು.

ಆದರೆ ದೋಣಿ ಬೇರೆ ಕಡೆಯಿಂದ ಮತ್ತೆ ಬಂತು. 2000ದಲ್ಲಿ ಅಕ್ವಿಲ್ ಅಬ್ದುಲ್ಲಾ ಹೆನ್ಲಿಯಲ್ಲಿ ಒಬ್ಬರೇ ದೋಣಿ ಓಡಿಸುವ ಡೈಮಂಡ್ ಸ್ಕಲ್ಸ್ ಸ್ಪರ್ಧೆ ಗೆದ್ದ ಮೊದಲ ಆಫ್ರಿಕನ್ ಅಮೆರಿಕನ್ ಆದರು. ಜಾನ್ ಕೆಲ್ಲಿಯನ್ನು ಬಾಗಿಲಲ್ಲೇ ನಿಲ್ಲಿಸಿದ ಅದೇ ಸ್ಪರ್ಧೆ. ಅಬ್ದುಲ್ಲಾ ರೋಯಿಂಗ್ ಕಲಿತದ್ದು ವಾಷಿಂಗ್ಟನ್‌ನ ಸರ್ಕಾರಿ ಹೈಸ್ಕೂಲಿನಲ್ಲಿ. ಶಿಕಾಗೊದಲ್ಲೇ 2006ರಲ್ಲಿ ಶಿಕಾಗೊ ಟ್ರೇನಿಂಗ್ ಸೆಂಟರ್ ಶುರುವಾಯಿತು. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಪುಕ್ಕಟೆ ರೋಯಿಂಗ್ ಕಲಿಸುವುದು ಅದರ ಕೆಲಸ. 2016ರಲ್ಲಿ ಬಬ್ಲಿ ಕ್ರೀಕ್ ಎಂಬ ನದಿ ಕವಲಿನ ದಡದಲ್ಲಿ ನಗರದ ಪಾರ್ಕ್ ಇಲಾಖೆ ಎಲಿನರ್ ದೋಣಿಮನೆ ತೆರೆಯಿತು. ಒಂದು ಕಾಲದಲ್ಲಿ ಶಿಕಾಗೊದ ಕಸಾಯಿಖಾನೆಗಳ ರಕ್ತ, ಕರುಳು ಎಲ್ಲ ಈ ನೀರಿಗೇ ಬೀಳುತ್ತಿತ್ತು. ತಳದಲ್ಲಿ ಕೊಳೆತು ಗುಳ್ಳೆ ಏಳುತ್ತಿದ್ದುದರಿಂದ ಆ ಹೆಸರು ಬಂದಿದ್ದು. ಈಗ ಅಲ್ಲಿ ಮಕ್ಕಳು ಹುಟ್ಟು ಹಾಕುತ್ತಾರೆ.

ಸುಮಾರು 20 ವರ್ಷದ ಮೇಲೆ ಮ್ಯಾನ್ಲಿಯ ಹಳೇ ಹುಡುಗರು ಮತ್ತೆ ಒಂದಾದರು. ಮತ್ತೆ ದೋಣಿ ಹತ್ತೋಣ ಅಂತ ತೀರ್ಮಾನವಾಯಿತು. 2004ರಲ್ಲಿ ಅಮೆರಿಕಕ್ಕೆ ಎಂಟರ ದೋಣಿಯಲ್ಲಿ ಒಲಿಂಪಿಕ್ ಚಿನ್ನ ತಂದುಕೊಟ್ಟ ಕೋಚ್ ಮೈಕ್ ಟೆಟಿ ಇವರಿಗೂ ತರಬೇತಿ ಕೊಟ್ಟರು. ಎಲ್ಲರೂ ನಡುವಯಸ್ಸಿಗೆ ಹತ್ತಿರ ಬಂದವರು, ಹೊಟ್ಟೆ ಬಂದವರು, ಮಕ್ಕಳ ತಂದೆಯರು. ಆಗ ಕೂಪರ್ ಇನ್ನೊಂದು ಮಾತು ತೆಗೆದ: ಶಿಕಾಗೊ ಪೊಲೀಸರನ್ನೂ ನಮ್ಮ ದೋಣಿಗೆ ಕರೆಯೋಣ. ಚಿಕ್ಕಂದಿನಿಂದ ಪೊಲೀಸರನ್ನು ಕಂಡರೆ ಓಡಿ ಬೆಳೆದ ಗೆಳೆಯರಿಗೆ ಅದನ್ನು ಒಪ್ಪುವುದು ಸುಲಭ ಇರಲಿಲ್ಲ. ಆದರೂ ಒಪ್ಪಿದರು. ಪೊಲೀಸರೂ ಬಂದರು, ಹುಟ್ಟು ಹಿಡಿಯುವುದನ್ನು ಅ ಆ ಇ ಈ ಇಂದ ಕಲಿತರು. ಇದನ್ನೆಲ್ಲ ಚಿತ್ರೀಕರಿಸಿದ ಸಾಕ್ಷ್ಯಚಿತ್ರ 2020ರಲ್ಲಿ ಬಂತು.

ಅವರೆಲ್ಲ ಸೇರಿ ಹೋಗಿದ್ದು ಶಿಕಾಗೊ ಸ್ಪ್ರಿಂಟ್ಸ್ ಸ್ಪರ್ಧೆಗೆ. ಪಶ್ಚಿಮ ಭಾಗದ ಗಂಡಸರು, ಅವರ ನಡುವೆ ಪೊಲೀಸರು, ಎಲ್ಲರೂ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತರು. ದೋಣಿಯಲ್ಲಿ ಕೂತವನಿಗೆ ಕಾಣುವುದು ತನ್ನ ಮುಂದಿನವನ ಬೆನ್ನು ಮಾತ್ರ. ಅವನು ಸರಿದಾಗ ತಾನೂ ಸರಿಯಬೇಕು, ಅವನ ಹುಟ್ಟು ನೀರಿಗಿಳಿದಾಗ ತನ್ನದೂ ಇಳಿಯಬೇಕು.