ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್‌ನಲ್ಲಿ ಸಮೀಕರಣ ಬಿಡಿಸುವಾಗ ಪರದೆಯನ್ನು ಓದುವುದು ಹೇಗೆ?

ಅಮೆರಿಕದ ಹೈಸ್ಕೂಲುಗಳಲ್ಲಿ ಬೀಜಗಣಿತ ಕಲಿಯುವವರ ಕೈಯಲ್ಲಿ ಟಿಐ-84 ಪ್ಲಸ್ ಎಂಬ ಗ್ರಾಫಿಂಗ್ (ನಕ್ಷೆ ಎಳೆಯುವ) ಕ್ಯಾಲ್ಕ್ಯುಲೇಟರ್ ಸಾಮಾನ್ಯ. ಅಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಡಿಜಿಟಲ್ ಎಸ್‌ಎಟಿ ಪರೀಕ್ಷೆಯಲ್ಲಂತೂ ಡೆಸ್ಮೋಸ್ ಎಂಬ ಗ್ರಾಫಿಂಗ್ ಕ್ಯಾಲ್ಕ್ಯುಲೇಟರ್ ಪರದೆಯ ಮೇಲೆಯೇ ಸಿಗುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಯಾವ ಕ್ಯಾಲ್ಕ್ಯುಲೇಟರನ್ನೂ ಒಯ್ಯುವಂತಿಲ್ಲ. ಆದರೂ ಹತ್ತನೆಯ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಎರಡು ರೇಖೆ ಎಳೆದು ಛೇದಕ ಬಿಂದು ಗುರುತಿಸಿದವರಿಗೆ ಈ ಯಂತ್ರದ ಕೆಲಸ ಅರ್ಧ ತಿಳಿದಂತೆಯೇ. ಸಮೀಕರಣದ ಎಡಭಾಗ ಒಂದು ನಕ್ಷೆ, ಬಲಭಾಗ ಇನ್ನೊಂದು ನಕ್ಷೆ. ಎರಡೂ ಸಂಧಿಸುವಲ್ಲಿನ ಎಕ್ಸ್ ಬೆಲೆಯೇ ಉತ್ತರ. ಬಲಭಾಗ ಸೊನ್ನೆಯಾಗಿದ್ದರೆ ನಕ್ಷೆಯು ಎಕ್ಸ್-ಅಕ್ಷವನ್ನು ಮುಟ್ಟುವ ಜಾಗವನ್ನು ಹುಡುಕಬೇಕು.

ಟಿಐ-84ರಲ್ಲಿ ‘ವೈ=’ ಒತ್ತಿ ಸಮೀಕರಣ ಬರೆಯಬೇಕು, ನಂತರ ‘ಗ್ರಾಫ್’. ಋಣ ಸಂಖ್ಯೆಯ ಚಿಹ್ನೆಗೂ ಕಳೆಯುವ ಚಿಹ್ನೆಗೂ ಬೇರೆ ಬೇರೆ ಕೀಲಿಗಳಿವೆ. ಅದಲು ಬದಲಾದರೆ ‘ಸಿಂಟ್ಯಾಕ್ಸ್’ ದೋಷ ಬರುತ್ತದೆ.

ಈಗ ಒಂದು ಲೆಕ್ಕ. ಆಯತಾಕಾರದ ಜಮೀನಿನ ಸುತ್ತಳತೆ 60 ಮೀಟರ್, ವಿಸ್ತೀರ್ಣ 216 ಚದರ ಮೀಟರ್. ಒಂದು ಬಾಹು ಎಕ್ಸ್ ಆದರೆ ಇನ್ನೊಂದು 30 − ಎಕ್ಸ್. ಆಗ ಸಮೀಕರಣ: ಎಕ್ಸ್² − 30ಎಕ್ಸ್ + 216 = 0. ಇದನ್ನು ಬರೆದು ‘ಝೂಮ್’ ಪಟ್ಟಿಯ 6ನೆಯ ಆಯ್ಕೆಯನ್ನು ಒತ್ತಿದರೆ, ಎರಡೂ ಅಕ್ಷಗಳು −10ರಿಂದ 10ರವರೆಗೆ ಇರುವ ಪರದೆ ಬರುತ್ತದೆ. ಅಲ್ಲಿ ಅಕ್ಷಗಳು ಮಾತ್ರ ಇವೆ, ವಕ್ರರೇಖೆಯ ಸುಳಿವೇ ಇಲ್ಲ. ಎಕ್ಸ್ = 10 ಇರುವಾಗಲೂ ವೈ ಬೆಲೆ 16, ಅಂದರೆ ಪರದೆಯ ಮೇಲಂಚಿನಿಂದ ಆಚೆ. ‘ಉತ್ತರವಿಲ್ಲ’ ಎಂದು ಬರೆಯುವ ಮುನ್ನ ಇಲ್ಲಿ ನಿಲ್ಲಲೇಬೇಕು. ಬಾಹುವಿನ ಉದ್ದ 0ಯಿಂದ 30ರ ಒಳಗೇ ಇರಬೇಕು ಎಂಬುದು ಲೆಕ್ಕದಲ್ಲೇ ಇದೆ. ಪರವಲಯದ ತಳ ಎಕ್ಸ್ = 15ರಲ್ಲಿ, ಅಲ್ಲಿ ವೈ = −9. ‘ವಿಂಡೋ’ದಲ್ಲಿ ಎಕ್ಸ್‌ಗೆ 0ಯಿಂದ 30, ವೈಗೆ −15ರಿಂದ 20 ಕೊಟ್ಟರೆ ಪರವಲಯದ ತಳಭಾಗ ಪೂರ್ತಿ ಕಾಣುತ್ತದೆ, ಅದು 12 ಮತ್ತು 18ರಲ್ಲಿ ಅಕ್ಷವನ್ನು ದಾಟುತ್ತದೆ. ಎಲ್ಲಿ ನೋಡಬೇಕೆಂದು ಯಂತ್ರಕ್ಕೆ ಹೇಳುವ ಈ ಕೆಲಸವೇ ನನ್ನ ದೃಷ್ಟಿಯಲ್ಲಿ ನಿಜವಾದ ಗಣಿತ. ಕೀಲಿ ಒತ್ತುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ಇನ್ನೊಂದು ಗೊಂದಲ ‘ಟ್ರೇಸ್’ ಕೀಲಿಯದು. ಇದನ್ನು ಒತ್ತಿ ಬಾಣದ ಕೀಲಿಗಳಿಂದ ನಕ್ಷೆಯ ಮೇಲೆ ಸಾಗುತ್ತಾ ಎಕ್ಸ್, ವೈ ಬೆಲೆಗಳನ್ನು ಓದಬಹುದು. ಎಕ್ಸ್² − 5ಎಕ್ಸ್ + 6 = 0 ಎಂಬುದರ ಮೂಲಗಳು (ಅಂದರೆ ಉತ್ತರಗಳು) 2 ಮತ್ತು 3 ಎಂದು ಅಪವರ್ತನದಿಂದ ಬಾಯಲ್ಲೇ ಹೇಳಬಹುದು. ಆದರೆ −10ರಿಂದ 10ರ ಪರದೆಯಲ್ಲಿ ಟ್ರೇಸ್ ಮಾಡುತ್ತಾ ಹೋದರೆ 2 ಎಂಬ ಬೆಲೆ ಸಿಗುವುದೇ ಇಲ್ಲ. 1.9148936 ಬರುತ್ತದೆ, ಬಾಣದ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ನೇರವಾಗಿ 2.1276596. ಕಾರಣ ಸರಳ: ಪರದೆಯ ಅಗಲದಲ್ಲಿ 95 ಚುಕ್ಕೆಗಳಿವೆ, ನಡುವೆ 94 ಅಂತರಗಳು. 20ನ್ನು 94ರಿಂದ ಭಾಗಿಸಿದರೆ ಸುಮಾರು 0.2128, ಟ್ರೇಸ್ ಹೆಜ್ಜೆ ಇಡುವುದು ಅಷ್ಟೇ ಅಂತರದಲ್ಲಿ. ಆದರೂ ಆ ಎರಡು ಬೆಲೆಗಳು ವ್ಯರ್ಥವಲ್ಲ. ಮೊದಲನೆಯದರಲ್ಲಿ ವೈ ಸುಮಾರು 0.092, ಎರಡನೆಯದರಲ್ಲಿ ಸುಮಾರು −0.111. ಧನದಿಂದ ಋಣಕ್ಕೆ ಚಿಹ್ನೆ ಬದಲಾಗಿದೆ, ಆದ್ದರಿಂದ ಮೂಲ ಈ ಎರಡರ ನಡುವೆಯೇ ಇದೆ.

ಸರಿಯಾದ ಬೆಲೆ ಬೇಕಾದರೆ ‘ಸೆಕೆಂಡ್’ ಒತ್ತಿ ನಂತರ ‘ಟ್ರೇಸ್’ ಒತ್ತಬೇಕು. ತೆರೆಯುವ ಪಟ್ಟಿಯಲ್ಲಿ 2ನೆಯದು ‘ಜೀರೋ’, 5ನೆಯದು ‘ಇಂಟರ್‌ಸೆಕ್ಟ್’. ‘ಜೀರೋ’ ಆರಿಸಿದರೆ ಎಡ ಮಿತಿ, ಬಲ ಮಿತಿ, ಒಂದು ಅಂದಾಜು ಎಂದು ಮೂರು ಪ್ರಶ್ನೆ ಕೇಳುತ್ತದೆ. ಮಿತಿ ಕೇಳುವುದು ಮೇಲೆ ಹೇಳಿದ ಚಿಹ್ನೆ ಬದಲಾವಣೆಗಾಗಿಯೇ: ಎಡ ಮಿತಿಯನ್ನು 2ಕ್ಕಿಂತ ಸ್ವಲ್ಪ ಹಿಂದೆ, ಬಲ ಮಿತಿಯನ್ನು 2 ಮತ್ತು 3ರ ನಡುವೆ ಇಡಿ. ಎರಡು ಮೂಲಗಳನ್ನೂ ಒಂದೇ ಜೋಡಿ ಮಿತಿಯೊಳಗೆ ಸೇರಿಸಬೇಡಿ. ಪ್ರತಿ ಮೂಲಕ್ಕೂ ಬೇರೆಯಾಗಿ ಮಾಡಿ.

ಡೆಸ್ಮೋಸ್‌ನಲ್ಲಿ ಈ ತಾಪತ್ರಯ ಕಡಿಮೆ. ನಕ್ಷೆಯ ಮೇಲೆ ಒತ್ತಿದರೆ ಅಕ್ಷವನ್ನು ದಾಟುವ ಜಾಗಗಳಲ್ಲಿ ಬೂದು ಚುಕ್ಕೆ ಮೂಡುತ್ತದೆ, ಅದನ್ನು ಮುಟ್ಟಿದರೆ ನಿರ್ದೇಶಾಂಕ ಸಿಗುತ್ತದೆ. ಆದರೆ ಎಕ್ಸ್² − 2ಎಕ್ಸ್ − 1 = 0 ಎಂಬುದಕ್ಕೆ ಅಲ್ಲಿ ಕಾಣುವುದು 2.414 ಎಂಬಂತಹ ದಶಮಾಂಶ ಮಾತ್ರ. ನಿಖರ ಉತ್ತರ 1 + √2. ಇನ್ನೊಂದು ಮೂಲ 1 − √2. ಪ್ರಶ್ನೆಯು ನಿಖರ ರೂಪವನ್ನು ಕೇಳಿದ್ದರೆ ಸೂತ್ರ ವಿಧಾನಕ್ಕೇ ಹೋಗಬೇಕು.

ಜಮೀನಿನ ಸಮೀಕರಣದಲ್ಲಿ 216ರ ಬದಲು 225.2 ಹಾಕಿ, ಅದೇ ವಿಂಡೋದಲ್ಲಿ ನಕ್ಷೆ ಎಳೆದು ನೋಡಿ. ಪರವಲಯ 15ರಲ್ಲಿ ಅಕ್ಷವನ್ನು ಸ್ಪರ್ಶಿಸಿದಂತೆ ಕಾಣುತ್ತದೆ. ಎರಡು ಸಮ ಮೂಲಗಳಿವೆ ಎಂದು ಯಾರಿಗಾದರೂ ಅನಿಸುತ್ತದೆ. ಈಗ ಶೋಧಕವನ್ನು (ಬಿ² − 4ಎಸಿ) ಲೆಕ್ಕ ಹಾಕಿ: 900 − 900.8 = −0.8. ಋಣ ಬಂದಿದೆ, ಅಂದರೆ ವಾಸ್ತವ ಮೂಲಗಳೇ ಇಲ್ಲ. ತಳದ ವೈ ಬೆಲೆ 0.2. ಈ ವಿಂಡೋದಲ್ಲಿ ಒಂದು ಚುಕ್ಕೆಯ ಎತ್ತರವೇ 0.56ರಷ್ಟಿದೆ, ಹಾಗಾಗಿ ಪರವಲಯದ ತಳವೂ ಅಕ್ಷವೂ ಒಂದೇ ಸಾಲಿನ ಚುಕ್ಕೆಗಳಲ್ಲಿ ಬಿದ್ದಿವೆ. ವೈ ಮಿತಿಯನ್ನು −1ರಿಂದ 1ಕ್ಕೆ ಇಳಿಸಿದರೆ ನಡುವಿನ ತೆರಪು ಕಾಣಿಸುತ್ತದೆ.